ಬೆಂಕಿಗೆ ತೊಡಿಸಿದ ಚೌಕಟ್ಟು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಬಂಗಲೆಗಳನ್ನೋ, ಕೊಡಗು ಚಿಕ್ಕಮಗಳೂರು ಕಡೆಯ ಕಾಫಿತೋಟಗಳ ಬಂಗಲೆಗಳನ್ನೋ ಹೊಕ್ಕವರು ನಡುಮನೆಯ ಗೋಡೆಯಲ್ಲಿ ಒಂದು ದೊಡ್ಡ ಗೂಡನ್ನು ಕಂಡಿರಬಹುದು. ಎರಡು ಬದಿಗೆ ಕಂಬ, ಮೇಲೆ ತೊಲೆ, ತೊಲೆಯ ಮೇಲೊಂದು ಹಲಗೆ. ಹಲಗೆಯ ಮೇಲೆ ಗಡಿಯಾರ, ಹಿರಿಯರ ಫೋಟೋ, ಯಾರೋ ಗೆದ್ದು ತಂದ ಬೆಳ್ಳಿಯ ಬಟ್ಟಲು. ಎಲ್ಲವೂ ಇರುತ್ತದೆ, ಗೂಡಿನೊಳಗೆ ಬೆಂಕಿ ಮಾತ್ರ ಇರುವುದು ಅಪರೂಪ.

ಇದನ್ನು ಕನ್ನಡದಲ್ಲಿ ಅಗ್ಗಿಷ್ಟಿಕೆ ಎನ್ನುವ ರೂಢಿಯಿದೆ. ಆದರೆ ನಮ್ಮ ಅಗ್ಗಿಷ್ಟಿಕೆ ಬೇಕಾದ ಕಡೆಗೆ ಎತ್ತಿಕೊಂಡು ಹೋಗಬಹುದಾದ ಕೆಂಡದ ಕುಂಡ. ಮಲೆನಾಡಿನ ಮಳೆಗಾಲದಲ್ಲಿ ಜನ ಮೈ ಕಾಯಿಸಿಕೊಳ್ಳುವುದು ಬಚ್ಚಲೊಲೆಯ ಮುಂದೆ. ಅದಕ್ಕೆ ಯಾರೂ ಚೌಕಟ್ಟು ಹಾಕಿಸಲಿಲ್ಲ, ಅದರ ಮೇಲೆ ಶಿಲ್ಪ ಕೆತ್ತಿಸಲಿಲ್ಲ. ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಆ ಗೂಡಿನ ಅಂಚು ಮನೆಯೊಡೆಯನ ಅಂತಸ್ತನ್ನೇ ಸಾರುವ ವಸ್ತುವಾಯಿತು. ಯಾವ ಕಲ್ಲು, ಯಾವ ಮರ, ಯಾವ ಶೈಲಿ ಎಂಬ ಪ್ರಶ್ನೆಗೆ ಆ ದೇಶದ ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ತಲೆ ಕೆಡಿಸಿಕೊಂಡರು. ಹಾಗೆ ನೋಡಿದರೆ ಅದು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಕಣ್ಣು ಕೇಳುವುದು ಒಂದು, ಕಾವು ಒಪ್ಪುವುದು ಇನ್ನೊಂದು. ಈ ಎರಡರ ಜಗ್ಗಾಟವೇ ಈ ಚೌಕಟ್ಟಿನ ಚರಿತ್ರೆ.

ಮೊದಲು ಇಂಗ್ಲೆಂಡಿನ ಮನೆಗಳಲ್ಲೂ ಬೆಂಕಿ ಉರಿಯುತ್ತಿದ್ದುದು ನಡುಮನೆಯ ಮಧ್ಯದಲ್ಲೇ. ಹೊಗೆ ಮಾಡಿನ ಸಂದಿನಿಂದ ಹೊರಹೋಗಬೇಕು. ಹೋದಷ್ಟು ಹೋಯಿತು, ಉಳಿದದ್ದು ಕಣ್ಣಿಗೆ. ಬೆಂಕಿ ಗೋಡೆಗೆ ಸರಿದು, ಅದಕ್ಕೆ ಹೊಗೆಗೂಡು ಬಂದ ಮೇಲೆಯೇ ಅದಕ್ಕೊಂದು ಮುಖ ಬಂತು. 1662ರಲ್ಲಿ ಸರ್ಕಾರ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಶಿಲಿಂಗ್ ತೆರಿಗೆ ಹಾಕಿತು. ಅಧಿಕಾರಿಗಳು ಮನೆಯೊಳಗೇ ಬಂದು ಒಲೆಗಳನ್ನು ಎಣಿಸುತ್ತಿದ್ದರು. ಜನ ಶಪಿಸಿದರು, 1689ರಲ್ಲಿ ಅದು ರದ್ದಾಯಿತು. ಇದರ ನಡುವೆ, 1666ರ ಸೆಪ್ಟೆಂಬರ್ 2ರಂದು, ಲಂಡನ್ನಿನ ಪುಡ್ಡಿಂಗ್ ಲೇನಿನ ಬ್ರೆಡ್ ಅಂಗಡಿಯೊಂದರಲ್ಲಿ ಹುಟ್ಟಿದ ಬೆಂಕಿ ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಮರುವರ್ಷವೇ ಬಂದ ಕಾನೂನು, ಇನ್ನು ಮುಂದೆ ಮನೆಗಳ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕೆಂದು ವಿಧಿಸಿತು. ಬೆಂಕಿಯ ಹತ್ತಿರ ಮರ ಎಷ್ಟು ಬರಬಹುದು ಎಂಬ ಪ್ರಶ್ನೆ ಬಡಗಿಯ ವಿವೇಚನೆಯನ್ನು ದಾಟಿ ಶಾಸನದ ವಿಷಯವಾಯಿತು.

ಈ ಗೂಡಿನ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಿ. ಒಳಗಿರುವುದು ಬೆಂಕಿ ಉರಿಯುವ ಕೋಣೆ. ಅಲ್ಲಿ ಉರಿ ತಡೆಯುವ ಇಟ್ಟಿಗೆಗೇ ಸ್ಥಾನ. ಹೊರಗೆ ಕಾಣುವುದು ಅಲಂಕಾರದ ಚೌಕಟ್ಟು. ಇವೆರಡರ ನಡುವೆ ಕಲ್ಲಿನದೋ ಟೈಲಿನದೋ ಒಂದು ಕಿರಿದಾದ ಪಟ್ಟಿ ಇರುತ್ತದೆ. ನೋಡುವವರು ಅದನ್ನು ಗಮನಿಸುವುದೇ ಇಲ್ಲ. ಆದರೆ ಮರದ ಚೌಕಟ್ಟನ್ನು ಬೆಂಕಿಯ ಬಾಯಿಂದ ದೂರ ಹಿಡಿದು ಮನೆಯನ್ನು ಕಾಯುತ್ತಿರುವುದು ಆ ಪಟ್ಟಿಯೇ. ಮುಂದಿನ ಹಾಸುಗಲ್ಲು ಸಿಡಿದು ಬಿದ್ದ ಕೆಂಡವನ್ನು ನೆಲದ ಹಲಗೆಗೆ ಮುಟ್ಟದಂತೆ ತಡೆಯುತ್ತದೆ.

ಹದಿನೆಂಟನೆಯ ಶತಮಾನ ಈ ಚೌಕಟ್ಟಿನ ವೈಭವದ ಕಾಲ. ಕೋಣೆಗೆ ಬಂದವರ ಕಣ್ಣು ಮೊದಲು ಬೀಳುವುದೇ ಇದರ ಮೇಲೆ, ಬಂದವರು ಕೂರುವುದೂ ಇದರ ಬಳಿಯಲ್ಲೇ ಎಂದು ಐಸಾಕ್ ವೇರ್ ಎಂಬ ವಾಸ್ತುಶಿಲ್ಪಿ 1756ರ ತನ್ನ ಗ್ರಂಥದಲ್ಲಿ ಬರೆದ. ಹಾಗಾದ ಮೇಲೆ ಖರ್ಚಿಗೆ ಮಿತಿಯುಂಟೆ? ಶ್ರೀಮಂತರಿಗೆ ಇಟಲಿಯ ಕರಾರಾ ಗಣಿಗಳ ಬಿಳಿ ಅಮೃತಶಿಲೆಯೇ ಆಗಬೇಕು. ರಾಬರ್ಟ್ ಆಡಂ ವಿನ್ಯಾಸ ಮಾಡಿದ ಕೆಡಲ್‌ಸ್ಟನ್ ಹಾಲ್‌ನ ಸಂಗೀತದ ಕೋಣೆಯಲ್ಲಿ ಅಮೃತಶಿಲೆಯ ನಡುವೆ ಡರ್ಬಿಶೈರಿನ ನೀಲಿ-ನೇರಳೆ ಪಟ್ಟೆಗಳ ಬ್ಲೂ ಜಾನ್ ಎಂಬ ಖನಿಜವನ್ನು ಕೂಡಿಸಿದ್ದಾರೆ. ವೆಜ್‌ವುಡ್ ತನ್ನ ಜಾಸ್ಪರ್ ಪಿಂಗಾಣಿಯ ಫಲಕಗಳನ್ನು ಇದಕ್ಕೆಂದೇ ಮಾಡಿ ಮಾರಿದ.

ಇಲ್ಲೊಂದು ತಮಾಷೆಯೂ ಇದೆ. ಆ ಕಾಲದವರಿಗೆ ಎಲ್ಲಕ್ಕೂ ಪ್ರಾಚೀನ ರೋಮನರೇ ಆದರ್ಶ. ಆದರೆ ರೋಮನರ ಮನೆಗಳಲ್ಲಿ ಇಂಥ ಗೋಡೆಗೂಡಿನ ಅಗ್ಗಿಷ್ಟಿಕೆಯ ಸಂಪ್ರದಾಯವೇ ಇರಲಿಲ್ಲ. ಅನುಕೂಲಸ್ಥರು ನೆಲದಡಿ ಬಿಸಿಗಾಳಿ ಹಾಯಿಸುತ್ತಿದ್ದರು. ಅನುಕರಿಸಲು ಮಾದರಿಯೇ ಇಲ್ಲ! ರೋಮಿನ ಪಿರನೇಸಿ ಈ ಕೊರತೆಯನ್ನೇ ಸ್ವಾತಂತ್ರ್ಯವೆಂದು ಭಾವಿಸಿದ. 1769ರಲ್ಲಿ ಅಗ್ಗಿಷ್ಟಿಕೆಗಳದ್ದೇ ಒಂದು ಚಿತ್ರಗ್ರಂಥ ತಂದು, ಅದರಲ್ಲಿ ಈಜಿಪ್ಟಿನ, ಎಟ್ರಸ್ಕನ್ನರ, ಗ್ರೀಕರ ಅಲಂಕಾರಗಳನ್ನೆಲ್ಲ ಬೆರೆಸಿಬಿಟ್ಟ. ಪುರಾತನ ಶಿಲ್ಪದ ತುಣುಕುಗಳನ್ನು ಜೋಡಿಸಿ ನಿಜವಾದ ಚೌಕಟ್ಟುಗಳನ್ನೂ ಮಾಡಿ ಬ್ರಿಟಿಷ್ ಪ್ರವಾಸಿಗರಿಗೆ ಮಾರಿದ. ಹೀಗೆ ‘ಪ್ರಾಚೀನ ಶೈಲಿ’ಯ ಅಗ್ಗಿಷ್ಟಿಕೆ ಎಂಬುದು ಹುಟ್ಟಿದಾಗಿನಿಂದಲೂ ಒಂದು ಕಲ್ಪನೆ. ಇಂದಿಗೂ ಅಂಗಡಿಯಲ್ಲಿ ‘ಅಪ್ಪಟ ಶಾಸ್ತ್ರೀಯ’ ಎಂದು ಮಾರುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಅಮೃತಶಿಲೆ ಎಲ್ಲರಿಗೂ ಎಟುಕುವ ವಸ್ತುವಲ್ಲ. ಎಟುಕದವರಿಗೆ ಅದರ ಸೋಗು ಬೇಕಾಯಿತು. ಅಗ್ಗದ ಪೈನ್ ಮರದ ಚೌಕಟ್ಟು ಮಾಡಿ, ಸೀಮೆಸುಣ್ಣದ ಪುಡಿ, ಸರೇಸು, ರಾಳ, ಅಗಸೆ ಎಣ್ಣೆ ಕಲಸಿದ ಮುದ್ದೆಯನ್ನು ಅಚ್ಚಿಗೆ ಒತ್ತಿ, ಹೂಮಾಲೆ, ಹೂದಾನಿಗಳನ್ನು ತೆಗೆದು ಅದರ ಮೇಲೆ ಅಂಟಿಸುತ್ತಿದ್ದರು. ಮೇಲೆ ಬಿಳಿ ಬಣ್ಣ ಬಳಿದರೆ ನಾಲ್ಕು ಮಾರು ದೂರಕ್ಕೆ ಶಿಲೆಯಲ್ಲಿ ಕೆತ್ತಿದ ಹಾಗೇ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಎಲಿನರ್ ಕೋಡ್ ಎಂಬ ಮಹಿಳೆ 1769ರಿಂದ ನಡೆಸಿದ ಕಾರ್ಖಾನೆ ಜೇಡಿಮಣ್ಣನ್ನು ಕಲ್ಲಿನಂತೆ ಕಾಣುವ ಹಾಗೆ ಸುಟ್ಟು ಕೊಡುತ್ತಿತ್ತು. ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ 1756ರಲ್ಲಿ ಆರು ಗಂಟೆಗಳಲ್ಲಿ 1,200ಕ್ಕೂ ಹೆಚ್ಚು ಟೈಲುಗಳ ಮೇಲೆ ಚಿತ್ರ ಅಚ್ಚೊತ್ತಿದ್ದಾಗಿ ಪ್ರಮಾಣ ಮಾಡಿ ಹೇಳಿದರು. ಕೈಯಲ್ಲಿ ಬಣ್ಣ ಹಾಕಿದ ಡಚ್ ಟೈಲುಗಳಿಗೆ ಅದು ದೊಡ್ಡ ಪೆಟ್ಟು.

ಇಷ್ಟೆಲ್ಲ ಅಂದವಿದ್ದರೂ ಕೋಣೆ ಬೆಚ್ಚಗಾಗುತ್ತಿತ್ತೆ? ಇಲ್ಲ. ಅಗಲ ಬಾಯಿಯ ಗೂಡು ಕಾವನ್ನೆಲ್ಲ ಮೇಲಕ್ಕೆ ಎಳೆದು ಹೊಗೆಯನ್ನು ಕೋಣೆಗೆ ಬಿಡುತ್ತಿತ್ತು. ಅಮೆರಿಕದಲ್ಲಿ ಹುಟ್ಟಿದ ವಿಜ್ಞಾನಿ ಕೌಂಟ್ ರಮ್‌ಫರ್ಡ್ 1796ರಲ್ಲಿ ಈ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಗೂಡು ಕಿರಿದಾಗಲಿ, ಆಳ ಕಡಿಮೆಯಾಗಲಿ, ಪಕ್ಕದ ಗೋಡೆಗಳು ಓರೆಯಾಗಿ ಹೊರಕ್ಕೆ ತೆರೆದುಕೊಳ್ಳಲಿ, ಹೊಗೆಗೂಡಿನ ಕತ್ತು ಸಣ್ಣದಾಗಲಿ ಎಂಬುದು ಅವನ ಸಲಹೆ. ಒಳಭಾಗಕ್ಕೆ ಕಬ್ಬಿಣ ಬೇಡ, ಕಲ್ಲೋ ಇಟ್ಟಿಗೆಯೋ ಇರಲಿ, ಅದಕ್ಕೆ ಸುಣ್ಣ ಬಳಿಯಿರಿ ಎಂದ. ಬಿಳುಪು ಕಾವನ್ನು ಕೋಣೆಗೆ ಮರಳಿಸುತ್ತದೆ ಎಂಬುದು ಅವನ ತರ್ಕ. ಲಂಡನ್ನಿನಲ್ಲಿ ನೂರಾರು ಗೂಡುಗಳು ಈ ರೀತಿ ಬದಲಾದವು. ಜೇನ್ ಆಸ್ಟಿನ್ ಅವರ ‘ನಾರ್ಥಾಂಗರ್ ಆ್ಯಬಿ’ ಕಾದಂಬರಿಯ ನಾಯಕಿ, ಹಳೆಯ ಮಠದ ಕಟ್ಟಡದಲ್ಲಿ ಭಯಾನಕವಾದ ದೊಡ್ಡ ಕೆತ್ತನೆಯ ಅಗ್ಗಿಷ್ಟಿಕೆಯನ್ನು ನಿರೀಕ್ಷಿಸಿ ಒಳಗೆ ಬಂದರೆ, ಅಲ್ಲಿ ಕಾಣುವುದು ಸಾದಾ ಅಮೃತಶಿಲೆಯ ಅಚ್ಚುಕಟ್ಟಾದ ರಮ್‌ಫರ್ಡ್ ಗೂಡು! ಪಾಪ, ಅವಳಿಗೆ ನಿರಾಶೆ. ಮನೆಯವರಿಗೆ ಮಾತ್ರ ಬೆಚ್ಚಗಿತ್ತು.

ವಿಕ್ಟೋರಿಯಾ ರಾಣಿಯ ಕಾಲಕ್ಕೆ ಕಾರ್ಖಾನೆಗಳು ಎರಕದ ಕಬ್ಬಿಣದ ಇಡೀ ಚೌಕಟ್ಟುಗಳನ್ನೇ ಅಚ್ಚಿನಿಂದ ತೆಗೆಯತೊಡಗಿದವು. ಸ್ಲೇಟು ಕಲ್ಲಿಗೆ ಎನಾಮಲ್ ಬಣ್ಣ ಕೊಟ್ಟು, ಬೇಯಿಸಿ, ಅಮೃತಶಿಲೆಯ ಗೆರೆಗಳನ್ನು ಮೂಡಿಸುವ ವಿದ್ಯೆಯೂ ಬಂತು. 1851ರ ಮಹಾಪ್ರದರ್ಶನದಲ್ಲಿ ಇಂಥ ಸರಕು ಮೆಚ್ಚುಗೆ ಪಡೆಯಿತು. ಇದರ ವಿರುದ್ಧ ಸಿಡಿದವನು ಜಾನ್ ರಸ್ಕಿನ್. ಒಂದು ವಸ್ತು ತಾನಲ್ಲದ್ದನ್ನು ತಾನೆಂದು ತೋರಿಸಿಕೊಳ್ಳುವುದು ವಾಸ್ತುಶಿಲ್ಪದಲ್ಲಿ ಸುಳ್ಳು ಹೇಳಿದಂತೆ ಎಂದು ಅವನು 1849ರಲ್ಲೇ ವಾದಿಸಿದ್ದ. ಆ ಮಾತನ್ನು ಮನೆಯಾಗಿ ಕಟ್ಟಿ ತೋರಿಸಿದವರು ವಿಲಿಯಂ ಮಾರಿಸ್ ಮತ್ತು ಅವನ ಗೆಳೆಯ ಫಿಲಿಪ್ ವೆಬ್. 1859ರಲ್ಲಿ ಕಟ್ಟಲು ತೊಡಗಿದ ‘ರೆಡ್ ಹೌಸ್’ನಲ್ಲಿ ಅಗ್ಗಿಷ್ಟಿಕೆಗಳು ಬರಿಯ ಕೆಂಪು ಇಟ್ಟಿಗೆಯವು. ಬಣ್ಣವಿಲ್ಲ, ಸೋಗಿಲ್ಲ, ಇಟ್ಟಿಗೆಗಳ ಜೋಡಣೆಯೇ ಅಲಂಕಾರ. ರಸ್ಕಿನ್ನನ ಕೋಪ ನ್ಯಾಯವಾದದ್ದೇ. ಆದರೂ ಒಂದು ಮಾತು ಹೇಳಬೇಕು: ಕೈಯಲ್ಲಿ ದುಡ್ಡಿಲ್ಲದ ಗುಮಾಸ್ತನೊಬ್ಬ ಬಣ್ಣ ಬಳಿದ ಸ್ಲೇಟಿನಲ್ಲಿ ಇಟಲಿಯ ಶಿಲೆಯನ್ನು ಕಂಡು ಸಂತೋಷಪಟ್ಟರೆ ಅದನ್ನು ಅಪರಾಧವೆನ್ನುವುದು ಕಷ್ಟ. ಸ್ಲೇಟು ಕಾವನ್ನಾದರೂ ತಡೆಯುತ್ತದೆ. ಆ ಮಟ್ಟಿಗೆ ಅದು ಬೆಂಕಿಗೆ ಸುಳ್ಳು ಹೇಳಲಿಲ್ಲ.

ಬೆಂಕಿಗೇ ಕುತ್ತು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಹೊಗೆಮಂಜು ಕವಿದು ಕೂತಿತು. ಅದರಲ್ಲಿ ದೊಡ್ಡ ಪಾಲು ಮನೆಮನೆಯ ಗೂಡುಗಳಲ್ಲಿ ಉರಿದ ಕಲ್ಲಿದ್ದಲಿನದು. ಸುಮಾರು 4,000 ಜನ ಸತ್ತರೆಂದು ಆಗ ಲೆಕ್ಕ ಹಾಕಿದರು. ಈಚಿನ ಅಂದಾಜು 12,000ದವರೆಗೆ ಹೋಗುತ್ತದೆ. ಅಷ್ಟು ಚೆಂದದ ಚೌಕಟ್ಟುಗಳ ಹಿಂದಿನಿಂದ ಹೊರಟದ್ದು ಇದೇ ಹೊಗೆ. 1956ರ ಶುದ್ಧ ಗಾಳಿ ಕಾಯಿದೆ ಬಂದ ಮೇಲೆ ಊರೂರಿನಲ್ಲಿ ಹೊಗೆ ನಿಯಂತ್ರಣ ಪ್ರದೇಶಗಳಾದವು. ಗ್ಯಾಸು, ವಿದ್ಯುತ್ತು ಬಂದವು. ಜನ ಗೂಡುಗಳಿಗೆ ಹಲಗೆ ಬಡಿದು ಮುಚ್ಚಿದರು, ಚೌಕಟ್ಟುಗಳನ್ನು ಕಿತ್ತು ಬಿಸಾಡಿದರು. 2023ರ ಮೇ ತಿಂಗಳಿಂದ ಇಂಗ್ಲೆಂಡಿನಲ್ಲಿ ಮನೆ ಉರುವಲಿಗೆ ಸಾಂಪ್ರದಾಯಿಕ ಕಲ್ಲಿದ್ದಲಿನ ಮಾರಾಟವೇ ನಿಂತಿದೆ. ವಿಚಿತ್ರವೆಂದರೆ, ಅಂದು ಬಿಸಾಡಿದ ಚೌಕಟ್ಟುಗಳನ್ನೇ ಈಗಿನವರು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ದುಬಾರಿ ಬೆಲೆಗೆ ತರುತ್ತಾರೆ.

ಹಾಗಾಗಿ ಈಗ ಚೌಕಟ್ಟು ಆರಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದು ಶೈಲಿಯ ಪ್ರಶ್ನೆಯಲ್ಲ. ಒಳಗೆ ನಿಜವಾಗಿ ಬೆಂಕಿ ಉರಿಯುತ್ತದೆಯೆ ಎಂಬುದು. ವಿದ್ಯುತ್ತಿನ ಹುಸಿಬೆಂಕಿಯಾದರೆ, ತಯಾರಕರು ಹೇಳಿದಷ್ಟು ಅಂತರ ಬಿಟ್ಟು, ಮರದ ಪುಡಿ ಒತ್ತಿ ಮಾಡಿದ ಹಲಗೆಯೂ ನಡೆದೀತು. ಸೌದೆಯಾದರೆ ಅದೇ ಹಲಗೆ ಅಪಾಯ. ಮರ ಮೊದಲ ದಿನವೇ ಹೊತ್ತಿಕೊಳ್ಳಬೇಕೆಂದಿಲ್ಲ. ವರ್ಷಗಟ್ಟಲೆ ಕಾವು ತಿಂದು ಒಳಗೇ ಕರಿಯಾಗಿ, ಒಂದು ರಾತ್ರಿ ಕೈಕೊಡುತ್ತದೆ. ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಪ್ರಕಾರ ಗೂಡಿನ ಬಾಯಿಂದ 6 ಅಂಗುಲದೊಳಗೆ ಮರ ಬರುವಂತಿಲ್ಲ. 12 ಅಂಗುಲದೊಳಗಿನ ಮರ ಮುಂದಕ್ಕೆ ಚಾಚುವುದಕ್ಕೂ ಲೆಕ್ಕವಿದೆ: ಒಂದಂಗುಲ ದೂರಕ್ಕೆ ಅಂಗುಲದ ಎಂಟನೆಯ ಒಂದು ಭಾಗ. ಎಂದರೆ 8 ಅಂಗುಲ ದೂರದಲ್ಲಿರುವ ಹಲಗೆ ಒಂದಂಗುಲಕ್ಕಿಂತ ಹೆಚ್ಚು ಚಾಚಬಾರದು. ಇಂಗ್ಲೆಂಡಿನಲ್ಲಿ ತೆರೆದ ಗೂಡಿನ ಹಾಸು ಮುಂದಕ್ಕೆ 500 ಮಿಲಿಮೀಟರ್, ಪಕ್ಕಕ್ಕೆ 150 ಮಿಲಿಮೀಟರ್ ಆದರೂ ಇರಬೇಕು.

ಕಲ್ಲೆಂದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಅಮೃತಶಿಲೆಗೆ ನಿಂಬೆರಸ ಬಿದ್ದರೂ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಗ್ರಾನೈಟಿಗೆ ಆ ಭಯವಿಲ್ಲ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು ಗ್ರಾನೈಟು ಹೊರದೇಶಗಳಿಗೂ ಹೋಗುವಂಥವು. ಆದರೆ ಒಂದೇ ಚಪ್ಪಡಿಯನ್ನು ಸೌದೆ ಬೆಂಕಿಯ ಅಡಿಗೆ ಹಾಸಿದರೆ, ಬೆಂಕಿಯ ಕೆಳಗಿನ ಭಾಗ ಹಿಗ್ಗಿ, ಅಂಚು ತಣ್ಣಗೇ ಉಳಿದು, ಬಿರುಕು ಬಿಡುತ್ತದೆ. ಆದ್ದರಿಂದ ತಿಳಿದ ಕೆಲಸಗಾರರು ಚಪ್ಪಡಿಯನ್ನು ಬೇಕೆಂದೇ ತುಂಡುಗಳಾಗಿ ಕೊಯ್ದು, ಕೆಳಗೆ ಕಾವು ತಡೆಯುವ ಕಾಂಕ್ರೀಟು ಹಾಕಿ ಕೂರಿಸುತ್ತಾರೆ. ಇನ್ನು ಬಳಪದ ಕಲ್ಲು. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಇದರ ಮೆದುತನವನ್ನು ಮೆಚ್ಚಿದರು. ನಮ್ಮ ಅಡುಗೆಮನೆಯ ಹಿರಿಯರು ಇದರ ಇನ್ನೊಂದು ಗುಣವನ್ನು ಕಂಡುಕೊಂಡು ಹುಳಿ ಕುದಿಸುವ ಕಲ್ಲಿನ ಪಾತ್ರೆ ಮಾಡಿಸಿಕೊಂಡರು. ಒಲೆಯಿಂದ ಇಳಿಸಿದ ಮೇಲೂ ಹುಳಿ ಕೊತಕೊತ ಎನ್ನುತ್ತಿರುತ್ತದೆ. ಅದೇ ಗುಣಕ್ಕಾಗಿ ಫಿನ್ಲೆಂಡಿನವರು ಬಳಪದ ಕಲ್ಲಿನ ದಪ್ಪ ಒಲೆಗಳನ್ನು ಕಟ್ಟುತ್ತಾರೆ. ಸಂಜೆ ಉರಿಸಿದ ಸೌದೆ ಆರಿದ ಮೇಲೂ ಕಲ್ಲು ಬೆಳಗಿನವರೆಗೆ ಬೆಚ್ಚಗಿರುತ್ತದೆ.

ನಮ್ಮಲ್ಲಿ ಹಳೆಯ ಬಂಗಲೆ ಕೆಡವುವಾಗ ಇಂಥ ಚೌಕಟ್ಟು ಸಿಕ್ಕಿದರೆ ಅದು ಯಾವುದರದೆಂದು ತಿಳಿಯುವುದು ಕಷ್ಟವೇನಲ್ಲ. ಅಯಸ್ಕಾಂತ ಕಚ್ಚಿಕೊಂಡರೆ ಎರಕದ ಕಬ್ಬಿಣ. ಬೆರಳಿನಿಂದ ತಟ್ಟಿದಾಗ ಪೊಳ್ಳು ದನಿ ಬಂದರೆ ಮರ. ಅಮೃತಶಿಲೆಯ ಹಾಗೆ ಕಂಡರೂ ಮುರಿದ ಅಂಚಿನಲ್ಲಿ ಬೂದುಗಪ್ಪು ಕಾಣಿಸಿದರೆ ಬಣ್ಣ ಕೊಟ್ಟ ಸ್ಲೇಟು. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿ ತೆಗೆಯಬಾರದು. ಅದರಲ್ಲಿ ಸೀಸವಿರಬಹುದು, ಆ ಧೂಳು ಮಕ್ಕಳ ಮೈಗೆ ಸೇರಿದರೆ ಕೇಡು. ಬಂಗಲೆಯಲ್ಲೇ ಉಳಿದ ಗೂಡಿನಲ್ಲಿ ಒಂದು ಚಳಿಗಾಲದ ರಾತ್ರಿ ಬೆಂಕಿ ಹಾಕುವ ಆಸೆಯಾದರೆ, ಮೊದಲು ಮಾಡಿನ ಮೇಲೆ ಒಬ್ಬರನ್ನು ಹತ್ತಿಸಿ ಹೊಗೆಗೂಡನ್ನು ನೋಡಿಸಬೇಕು. ಎಷ್ಟೋ ಕಡೆ ಅದರ ಬಾಯಿಗೆ ಗಾರೆ ಮೆತ್ತಿರುತ್ತಾರೆ. ಇಲ್ಲವಾದರೆ ಹಕ್ಕಿಗಳು ಗೂಡು ಕಟ್ಟಿರುತ್ತವೆ.