ಧ್ಯಾನದಿಂದ ಎಷ್ಟು ಸಾಧ್ಯ?

ಧ್ಯಾನ ಮನಸ್ಸನ್ನು ಹಗುರಾಗಿಸುತ್ತದೆಂಬ ಮಾತಿಗೆ ಈಗ ಪುರಾವೆಯೂ ಇದೆ, ಮಿತಿಯೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ರೋಗಿಗಳಿಗೆಂದು ಧ್ಯಾನದ ತರಬೇತಿ ಶುರುಮಾಡಿದರು. ಮುಂದೆ, 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇಂಥ 47 ಧ್ಯಾನ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು: ಆತಂಕ, ಖಿನ್ನತೆ ಸ್ವಲ್ಪ ಮಟ್ಟಿಗೆ ತಗ್ಗುತ್ತವೆ, ಆದರೆ ವ್ಯಾಯಾಮ, ಔಷಧಗಳಿಗಿಂತ ಧ್ಯಾನವೇ ಮೇಲು ಎನ್ನಲು ಆಧಾರ ಸಿಗಲಿಲ್ಲ. ಹಾಗಿದ್ದರೆ ಬೆಳಗಿನ ವಾಕಿಂಗ್ ಸಾಲದೇ ಎಂದು ನೀವು ಕೇಳಬಹುದು. ಸಾಕು, ಅದು ಹಿಡಿಸಿದವರಿಗೆ. ಆದರೆ ಸಿಟ್ಟು ಏಳುವಾಗಲೇ ಅದನ್ನು ಗುರುತಿಸುವ ಪಾಠ ಧ್ಯಾನದ್ದು. ಉಸಿರಿನಿಂದ ಜಾರಿದ ಗಮನವನ್ನು ಮತ್ತೆ ಮತ್ತೆ ಕರೆತರುವುದೇ ಅಲ್ಲಿನ ಅಭ್ಯಾಸ. ಮನಸ್ಸು ನಿಲ್ಲುತ್ತಿಲ್ಲವೆಂದು ಬೇಸತ್ತು ಏಳುವವರು ಇದನ್ನೇ ಮರೆಯುತ್ತಾರೆ. ಕಣ್ಣು ಮುಚ್ಚಿದರೆ ಕಳವಳ ಹೆಚ್ಚುವವರೂ ಇದ್ದಾರೆ. ಅವರು ಹಟ ಹಿಡಿಯದೆ ವೈದ್ಯರನ್ನು ಕಾಣಲಿ. ಉಳಿದವರು ಇಂದು ಹತ್ತು ನಿಮಿಷ ಕೂತು ನೋಡಿ.