ಮಜ್ಜಿಗೆ ಹುಲ್ಲು: ಅಡುಗೆಗೂ ಆರೈಕೆಗೂ

(ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಸಾರಾಂಶ)



ದಕ್ಷಿಣ ಕನ್ನಡದಿಂದಲೂ ಮಲೆನಾಡಿನಿಂದಲೂ ಬಂದು ಈ ಚೆನ್ನೈಯಲ್ಲಿ ನೆಲೆಸಿದವರಿಗೆ ಮಜ್ಜಿಗೆ ಹುಲ್ಲು ಹೊಸದಲ್ಲ. ಊರಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ಬುಡ ನೆಟ್ಟರೆ ಸಾಕು, ವರ್ಷಗಟ್ಟಲೆ ಬೆಳೆದುಕೊಂಡಿರುತ್ತದೆ. ನಿಂಬೆ ಹುಲ್ಲು ಎಂಬುದೂ ಇದಕ್ಕೇ. ಇಲ್ಲಿಯ ಅಂಗಡಿಗಳಲ್ಲಿ ಸಿಗುವ ಲಾವಂಚ ಬೇರೆ. ಅದಕ್ಕೆ ಬೇರಿನಲ್ಲಿ ಪರಿಮಳ, ಇದಕ್ಕೆ ಎಲೆಯಲ್ಲಿ.

ಈ ಹುಲ್ಲಿನ ತೈಲದಲ್ಲಿ ಸಾಮಾನ್ಯವಾಗಿ ನೂರಕ್ಕೆ 70 ಪಾಲಿಗೂ ಹೆಚ್ಚು ಸಿಟ್ರಾಲ್ ಎಂಬ ದ್ರವ್ಯವುಂಟು. ನಿಂಬೆ ಸಿಪ್ಪೆಯ ವಾಸನೆಗೂ ಇದೇ ಮುಖ್ಯ ಕಾರಣ. ಆದರೆ ಹುಲ್ಲಿನಲ್ಲಿ ಹುಳಿಯಿಲ್ಲ. ಹಾಲಿಗೆ ಹಾಕಿದರೂ ಒಡೆಯದು. ಇದರ ದಾಯಾದಿ ಹುಲ್ಲಿನ ತೈಲವು ಕೊಚ್ಚಿ ಬಂದರಿನಿಂದ ಹೊರದೇಶಗಳಿಗೆ ಹೋಗಿ ಸಾಬೂನಿಗೂ ಸುಗಂಧ ದ್ರವ್ಯಗಳಿಗೂ ಒದಗಿತು. ಕೇರಳದ ಓಡಕ್ಕಾಲಿಯಲ್ಲಿ 1951ರಲ್ಲಿಯೇ ಇದಕ್ಕೊಂದು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು.

ಇನ್ನು ಅಡುಗೆಯ ಮಾತು. ಎರಡು ಮೂರು ಎಲೆಗಳನ್ನು ತೊಳೆದು, ಗಂಟು ಕಟ್ಟಿ, ತುಸು ಜಜ್ಜಿ, ನೀರುಮಜ್ಜಿಗೆಯಲ್ಲಿ ಉಪ್ಪು ಶುಂಠಿಯೊಡನೆ ಅರ್ಧ ಗಂಟೆ ಬಿಡಿ. ಇಲ್ಲಿನ ಮೇ ತಿಂಗಳ ಬಿಸಿಲಿಗೆ ಅದಕ್ಕಿಂತ ಹಿತವಾದ ಪಾನೀಯ ಬೇಕೇ? ಕಷಾಯಕ್ಕಾದರೆ ಎಲೆಯ ಜೊತೆಗೆ ಜೀರಿಗೆ, ಕೊತ್ತಂಬರಿ, ಶುಂಠಿ ಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿಯೇ ಕುದಿಸಬೇಕು. ಇಲ್ಲವಾದರೆ ಪರಿಮಳವೆಲ್ಲ ಹಬೆಯೊಡನೆ ಹಾರಿಹೋಗುತ್ತದೆ. ಎಲೆ ನಾರು, ಸೋಸಿಯೇ ಕುಡಿಯತಕ್ಕದ್ದು. ಥಾಯ್ ಮತ್ತು ಮಲಯ ದೇಶದವರು ಬುಡದ ಬಿಳಿಯ ದಂಟನ್ನೇ ಅರೆದು ಸಾರಿಗೆ ಹಾಕುತ್ತಾರೆ. ನಮ್ಮ ಸಾರಿಗೂ ಅದು ಒಪ್ಪುತ್ತದೆ.

ಶೀತವಾದಾಗ ಬಿಸಿ ಕಷಾಯದಿಂದ ಗಂಟಲಿಗೆ ಹಿತವಾಗುವುದು ನಿಜ. ಇದರ ತೈಲ ಕೆಲವು ಬೂಷ್ಟು, ಕ್ರಿಮಿಗಳನ್ನು ತಡೆಯುವುದೆಂದು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಆದರೆ ಗಾಜಿನ ತಟ್ಟೆಯಲ್ಲಿ ತೈಲ ಮಾಡಿದ್ದನ್ನು ದೇಹದಲ್ಲಿ ಕಷಾಯ ಮಾಡೀತೆಂದು ಹೇಳಲಾಗದು. ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ಮಾತ್ರೆ ಬಿಡಬಾರದು. ತೈಲವನ್ನಂತೂ ಕುಡಿಯಲೇಬಾರದು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಕಷಾಯ ಕುಡಿಯುವುದು ಲೇಸು.

ಮುಖ್ಯವಾಗಿ ಒಂದು ಮಾತು. ಅಕ್ಟೋಬರಿನಲ್ಲಿ ಮಳೆ ಹಿಡಿದರೆ ಈ ಊರಿನಲ್ಲಿ ಡೆಂಗ್ಯೂ ಜ್ವರದ ಕಾಲ. ಎರಡು ದಿನ ದಾಟಿದ ಜ್ವರಕ್ಕೆ ಕಷಾಯ ಕಾಯಿಸುತ್ತ ಕೂರದೆ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಇಳಿಯುವ ಹೊತ್ತಿನಲ್ಲೇ ಅಪಾಯ ಹೆಚ್ಚು. ಆಗ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸೊಳ್ಳೆ ಬಾರದಿರಲೆಂದು ಈ ಹುಲ್ಲನ್ನು ಕುಂಡದಲ್ಲಿ ಬೆಳೆಸುವವರೂ ಉಂಟು. ಜಜ್ಜದ ಎಲೆಯಿಂದ ಅಷ್ಟು ವಾಸನೆ ಹೊರಡುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ತಿಳಿನೀರಿನಲ್ಲಿಯೋ ಡೆಂಗ್ಯೂ ಸೊಳ್ಳೆಯೇ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಆ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ.

ಹುಲ್ಲು ಬೆಳೆಸಿರಿ, ನೆರೆಯವರಿಗೂ ಒಂದು ಬುಡ ಕೊಡಿರಿ. ಅದು ಅಡುಗೆಮನೆಯ ನೆಂಟನಾಗಿರಲಿ. ವೈದ್ಯನ ಸ್ಥಾನ ಅದಕ್ಕೆ ಬೇಡ.