ಕಾಗದದ ಮೇಲಿನ ಹುಚ್ಚ, ಕಾಗದದ ಮೇಲಿನ ಪಾಪರ್

ಜತ್ತ ತಾಲ್ಲೂಕಿನ ದರಿಬಡಚಿ, ಸಂಖ, ಉಮದಿ ಕಡೆಯ ಕೇಳುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಬರೆದು ಕಳಿಸುತ್ತಾರೆ. ಮನೆಯಲ್ಲೊಬ್ಬ ಮಗನೋ ತಮ್ಮನೋ ಮಾನಸಿಕ ಕಾಯಿಲೆಗೆ ಗುಳಿಗೆ ತಗೊಳ್ಳುತ್ತಿದ್ದಾನೆ. ಹೊಲದ ವಾಟಣಿಗೆ ಕೂತಾಗ ಭಾವಕಿಯವರು ಯಾವುದೋ ಹಳೇ ಕಾಗದ ಹೊರಗೆ ತೆಗೆದು, "ಇದರಾಗ ಅವನ್ನ ಹುಚ್ಚ ಅಂತ ಬರದೈತಿ, ಅವನಿಗೆ ಪಾಲಿಲ್ಲ" ಅನ್ನುತ್ತಾರೆ. ಕಾಗದ ಮರಾಠಿಯಲ್ಲಿ, ಮನೆಮಾತು ಕನ್ನಡ. ಹಾಗಾಗಿ ಓದಿ ಹೇಳಿದವನು ಹೇಳಿದ್ದೇ ಕಾಯಿದೆ. ಇದು ಖರೇ ಏನ್ರಿ ಅಂತ ಪ್ರಶ್ನೆ.

ಖರೇ ಅಲ್ಲ. ಒಂದು ಕಾಲಕ್ಕೆ ಖರೇ ಇತ್ತು, ಅದಕ್ಕೇ ಈ ಮಾತು ಇನ್ನೂ ಸಾಯದೆ ಉಳಿದಿದೆ. ಹಳೆಯ ಧರ್ಮಶಾಸ್ತ್ರದ ಲೆಕ್ಕದಲ್ಲಿ ಬುದ್ಧಿ ಸ್ವಾಧೀನವಿಲ್ಲದವನಿಗೆ, ಹುಟ್ಟುಕುರುಡನಿಗೆ ಪಾಲಿರಲಿಲ್ಲ. ಅನ್ನ ಬಟ್ಟೆ ಕೊಟ್ಟು ಇಟ್ಟುಕೊಂಡರೆ ಸಾಕಿತ್ತು. 1928ರ ಕಾಯಿದೆ ಅದನ್ನು ಬಹುಮಟ್ಟಿಗೆ ಸಡಿಲಿಸಿತಾದರೂ ಹುಟ್ಟಿನಿಂದ ಬುದ್ಧಿವಿಕಲನಾದವನನ್ನು ಹೊರಗೇ ಇಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಕಲಂ ಅವನನ್ನೂ ಒಳಗೆ ಕರೆಯಿತು. ಯಾವ ರೋಗ, ಯಾವ ದೋಷ, ಯಾವ ಊನದ ಕಾರಣಕ್ಕೂ ವಾರಸಾ ಹಕ್ಕು ತಪ್ಪಕೂಡದು ಅಂದಿತು. ಲಿಂಗಾಯತರಿಗೆ ಅದು ಲಾಗೂ ಇಲ್ಲ ಅನ್ನುವ ಪಂಡಿತರೂ ಕಟ್ಟೆಯ ಮೇಲೆ ಸಿಗುತ್ತಾರೆ. ಅದೇ ಕಾಯಿದೆಯ 2ನೇ ಕಲಮಿನಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಬರೆದಿದೆ, ತೆರೆದು ನೋಡಲಿ. ಜತ್ತ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1948ರಲ್ಲಿ. ಅದಕ್ಕಿಂತ ಹಳೇ ಕಾಗದ ತೋರಿಸಿದರೂ ಅಷ್ಟೇ. ಕಾಗದ ಹಳೆಯದಾದಷ್ಟೂ ಬಲ ಹೆಚ್ಚು ಅನ್ನುವುದು ನಮ್ಮವರ ಒಂದು ಭ್ರಮೆ.

ಈಗ ಮುಖ್ಯ ಮಾತು. 1912ರ ಕಾಯಿದೆಯ ಹೆಸರೇ ಇಂಡಿಯನ್ ಲೂನಸಿ ಆಕ್ಟ್, ಅಂದರೆ ಹುಚ್ಚಿನ ಕಾಯಿದೆ. ಹುಟ್ಟು ಬುದ್ಧಿಮಾಂದ್ಯನನ್ನೂ ನಡುವೆ ಕಾಯಿಲೆ ಬಿದ್ದವನನ್ನೂ ಅದು ಒಂದೇ ಹೆಸರಿನಡಿ ಸೇರಿಸಿತ್ತು. 1987ರ ಕಾಯಿದೆಯಲ್ಲಿ ಆ ಹೆಸರು ಹೋಯಿತು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇನ್ನೂ ಮುಂದೆ ಹೋಗಿ, ಒಬ್ಬನಿಗೆ ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಅವನು ಅಸ್ವಸ್ಥಚಿತ್ತ ಅಂತ ತಿಳಿಯಕೂಡದು, ಹಾಗೆ ಹೇಳಬೇಕಾದ್ದು ಅಧಿಕಾರವುಳ್ಳ ನ್ಯಾಯಾಲಯ ಅಂತ ಬರೆಯಿತು. ಡಾಕ್ಟರ ಚೀಟಿ ಹೇಳಲಾರದು. ಗುಳಿಗೆಯ ಪಾಕೀಟು ಹೇಳಲಾರದು. ತಲಾಠಿ, ಪೊಲೀಸ್ ಪಾಟೀಲ, ದೊಡ್ಡಪ್ಪ ಯಾರೂ ಹೇಳಲಾರರು. ಮತದಾರರ ಪಟ್ಟಿಗೂ ಇದೇ ನಿಯಮ: ನ್ಯಾಯಾಲಯ ಘೋಷಿಸಿದ್ದರೆ ಮಾತ್ರ ಹೆಸರು ತೆಗೆಯಬಹುದು.

ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ವಕೀಲಿ ಮಾಡುವಾಗ ಕಂಡ ಮನೆಗಳಲ್ಲಿ ಆಟ ಹೀಗೆ ನಡೆಯುತ್ತಿತ್ತು: ವಾಟಣಿಗೆ ಕೂತಾಗ ತಮ್ಮ ಹುಚ್ಚ, ಪಾಲು ಬಿಟ್ಟುಕೊಡುವ ಹಕ್ಕಸೋಡ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವಾಗ ಅದೇ ತಮ್ಮ ಶಾಣ್ಯಾ! ಹೊಸ ಅಂಗಿ ತೊಡಿಸಿ, ಚಹಾ ಕುಡಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಿದ್ದರು. ಎರಡೂ ಹೇಗೆ ಸಾಧ್ಯ? 1872ರ ಕರಾರು ಕಾಯಿದೆಯ ಪ್ರಕಾರ, ಸಹಿ ಹಾಕುವ ಹೊತ್ತಿಗೆ ತಾನು ಮಾಡುತ್ತಿರುವುದು ಏನು, ಅದರಿಂದ ತನಗೇನಾಗುತ್ತದೆ ಎಂದು ತಿಳಿಯಲಾರದವನ ಕರಾರು ನಿಲ್ಲುವುದಿಲ್ಲ. ಅವನು ತಿಳಿಯಬಲ್ಲವನಾದರೆ ಅವನ ಮನಸ್ಸಿಲ್ಲದೆ ಪಾಲು ಮುಟ್ಟುವ ಹಾಗಿಲ್ಲ. ತಿಳಿಯದವನಾದರೆ ಪತ್ರ ಬೀಳುತ್ತದೆ, ತಿಳಿದವನಾದರೆ ಅವನನ್ನೇ ಕೇಳಬೇಕು. ಯಾವ ಕಡೆಯಿಂದ ಬಂದರೂ ಹೊಲ ಅವನದೇ. ನಡುನಡುವೆ ಕಾಯಿಲೆ ಏರುವವನು ಸ್ವಸ್ಥನಿದ್ದಾಗ ಮಾಡಿದ ಕರಾರು ಊರ್ಜಿತ ಅಂತಲೂ ಅದೇ ಕಾಯಿದೆ ಹೇಳುತ್ತದೆ. ಒಮ್ಮೆ ಹುಚ್ಚನಾದವನು ಸಾಯುವ ತನಕ ಹುಚ್ಚ ಅನ್ನುವ ಮಾತು ಕಾಯಿದೆಯಲ್ಲಿ ಇಲ್ಲ, ಊರಲ್ಲಿದೆ.

ಮಾತು ಉದ್ದವಾಯಿತು. ಈ ಪಾಲಿಗಾಗಿ ಕೋರ್ಟಿಗೆ ಹೋಗಲು ದುಡ್ಡಿಲ್ಲದವರ ಮಾತು, ಅಂದರೆ ಪಾಪರ್ ವಿಷಯಕ್ಕೆ ಬೇಗ ಬರುತ್ತೇನೆ. ಕೋರ್ಟ್ ಫೀ ಕಟ್ಟಲಾರದವನು ಹಾಕುವ ದಾವೆಯನ್ನು ಹಿಂದೆ ಪಾಪರ್ ದಾವೆ ಅನ್ನುತ್ತಿದ್ದರು. 1976ರಲ್ಲಿ ದಿವಾಣಿ ಸಂಹಿತೆಯ 33ನೇ ಆದೇಶದಲ್ಲಿ ಆ ಶಬ್ದ ತೆಗೆದು ನಿರ್ಗತಿಕ ಅಂತ ಮಾಡಿದರು. ನಮ್ಮ ಕಡೆ ಪಾಪರ್ ಎದ್ದ ಅಂದರೆ ದಿವಾಳಿ ತೆಗೆದ ಅಂತ ಅರ್ಥ, ಅದಕ್ಕೇ ಮರ್ಯಾದಸ್ಥರು ಈ ಅರ್ಜಿ ಹಾಕಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ, ಅದಕ್ಕೂ ದಿವಾಳಿಗೂ ಸಂಬಂಧವಿಲ್ಲ. ಏಳು-ಹನ್ನೆರಡರ ಉತಾರದಲ್ಲಿ ಹೆಸರಿದ್ದರೆ ನಿರ್ಗತಿಕ ಆಗಲಾರ ಅನ್ನುವುದೂ ತಪ್ಪು. ಯಾವ ಹೊಲಕ್ಕಾಗಿ ದಾವೆಯೋ ಆ ಹೊಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಜಪ್ತಿ ಮಾಡಬಾರದ ರೈತನ ವಾಸದ ಮನೆ, ಎತ್ತು, ಬಿತ್ತನೆ ಬೀಜವನ್ನೂ ಹಿಡಿಯುವುದಿಲ್ಲ. ಆದರೆ ಫೀ ಮಾಫಿ ಅಂತ ತಿಳಿಯಬೇಡಿ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಗೆದ್ದರೆ ಆ ಆಸ್ತಿಯ ಮೇಲೆ ಸರ್ಕಾರದ ಮೊದಲ ಬಾಕಿ ಅದು. ಸೋತರೂ ಕಟ್ಟಬೇಕಾಗುತ್ತದೆ.

ವಕೀಲರ ಖರ್ಚಿಗೆ ಬೇರೆ ದಾರಿಯಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಮಾನಸಿಕ ಕಾಯಿಲೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ, ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. 15100ಕ್ಕೆ ಫೋನ್ ಮಾಡಿ. ಕಾಯಿಲೆಯ ಬಗ್ಗೆ ಮಾತಾಡಬೇಕಾದರೆ 14416, ಟೆಲಿ ಮಾನಸ್.

ಇನ್ನೊಂದು ಹೇಳದೆ ಹೋದರೆ ನಾಳೆ ನನಗೇ ಬೈದು ಪತ್ರ ಬರೆಯುತ್ತೀರಿ. ಹಳೇ ಶಬ್ದಗಳೆಲ್ಲ ಸತ್ತಿಲ್ಲ. 1963ರ ಕಾಲಮಿತಿ ಕಾಯಿದೆಯ 6ನೇ ಕಲಮಿನಲ್ಲಿ ಹುಚ್ಚ, ಬುದ್ಧಿಹೀನ ಅನ್ನುವ ಅರ್ಥದ ಶಬ್ದಗಳು ಇವತ್ತಿಗೂ ಕೂತಿವೆ. ಅವು ಅಲ್ಲಿರುವುದು ಕಾಯಿಲೆಯವನ ಲಾಭಕ್ಕೆ: ಹಕ್ಕು ತಪ್ಪಿದ ಹೊತ್ತಿಗೆ ಅವನ ಚಿತ್ತ ನೆಟ್ಟಗಿರದಿದ್ದರೆ, ಅದು ಸರಿಹೋಗುವ ತನಕ ದಾವೆಯ ಅವಧಿ ಓಡುವುದಿಲ್ಲ. ವಕೀಲರು ಅರ್ಜಿಯಲ್ಲಿ ಅಂಥ ಶಬ್ದ ಬರೆದರೆ ಸಿಟ್ಟಾಗಿ ಎದ್ದು ಬರಬೇಡಿ, ಯಾವ ಕಲಮಿನಡಿ ಬರೆದಿರಿ ಅಂತ ಕೇಳಿ. ಸರಿಹೋದ ಮೇಲೆ ಮಾತ್ರ ಸುಮ್ಮನೆ ಕೂರಬೇಡಿ. ಈ ಕಲಂ ಕೊಡುವ ಹೆಚ್ಚಿನ ಅವಧಿ ಅಲ್ಲಿಂದ ಮೂರು ವರ್ಷ ದಾಟುವುದಿಲ್ಲ.